‘ಚಾಲು’ ಬಟನ್

ಸ್ನೇಹಿತರೇ, ಇವತ್ತು ಮಾಲೂರಿನ ಹತ್ರ ನಮ್ಮ ರೇಸ್ ಕಾರು ಹತ್ತು ಸುತ್ತು ಓಡಿತು. ಇಂಜಿನ್ ಯಾಕೆ ಬಿಸಿಯಾಗುತ್ತೆ ಅಂತ ನೋಡೋಕೆ ಮಾಡಿದ ವೆಬ್ ಆ್ಯಪ್‌ನಲ್ಲಿ ಒಂದು ಸುತ್ತಿನ ಮಾಹಿತಿಯೂ ಇಲ್ಲ.

ರೆಕಾರ್ಡಿಂಗ್ ಶುರು ಮಾಡೋ ಬಟನ್ ಮೇಲೆ ಮ್ಯಾನೇಜರ್ ‘ಚಾಲು’ ಅಂತ ಬರೆಸಿದ್ದರು. ಮೆಕ್ಯಾನಿಕ್ ರೆಡ್ಡಣ್ಣ ರಾಯಲ್ಪಾಡಿನವರು, ಮನೆಮಾತು ತೆಲುಗು. ತೆಲುಗಲ್ಲಿ ಚಾಲು ಅಂದ್ರೆ ಸಾಕು. ಕಾರು ಬಂದು ನಿಂತ ಮೇಲೆ ಒತ್ತಿದ್ದಾರೆ.

“ಸಾಕಾದಾಗ ತಾನೇ ಮೇಡಂ ಒತ್ತಬೇಕು?” ಅಂದ್ರು ಪಾಪ.

ಆ್ಯಪ್‌ನ ಗುಣಮಟ್ಟ ನೋಡೋ ಕೆಲಸ ನನ್ನದು. ಬಟನ್ ಒತ್ತುವವರ ಕೈಯಲ್ಲೇ ಮೊದಲು ಪರೀಕ್ಷೆ ಮಾಡಿಸಬೇಕು ಅಂತ ತಪಾಸಣೆ ಪಟ್ಟಿಯಲ್ಲಿ ಬರೆದಿದ್ದೆ. “ಮೆಕ್ಯಾನಿಕ್‌ನ ಕೇಳಿ ಸಾಫ್ಟ್‌ವೇರ್ ಮಾಡ್ಬೇಕೇನಮ್ಮ?” ಅಂತ ಮ್ಯಾನೇಜರ್ ಆ ಸಾಲು ಹೊಡೆದುಹಾಕಿದ್ದರು.

ಇವತ್ತು ಅವರೇ ರೆಡ್ಡಣ್ಣನ ಎದುರಿಗೆ ಪಟ್ಟಿಗೆ ಹೊಸ ಸಾಲು ಹೇಳಿದ್ರು: “ಮೆಕ್ಯಾನಿಕ್‌ಗೆ ಕನ್ನಡ ಬರಬೇಕು ಅಂತ ಸೇರಿಸಿ.”

“ಚಾಲು ಸಾರ್” ಅಂದೆ.

ಯಾವ ಭಾಷೇಲಿ ಅಂದೆ ಅಂತ ಅವರೇ ತಿಳ್ಕೊಳ್ಳಲಿ.