ಅಲುಗಾಡದ ಹಲಗೆ

೧೯೬೧ರ ಮಾರ್ಚ್ ತಿಂಗಳು. ಉಡುಪಿಯ ಒಂದು ಮುದ್ರಣಾಲಯದಲ್ಲಿ ನಾನು ಕಂಪೋಸಿಟರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಊರು ಕಾರ್ಕಳ. ಕಡಿಯಾಳಿಯಲ್ಲಿ ಒಂದು ಬಾಡಿಗೆ ಕೋಣೆ, ತಿಂಗಳಿಗೊಮ್ಮೆ ಮನೆಗೆ ಹೋಗಿ ಬರುವುದು, ಉಳಿದ ದಿನವೆಲ್ಲ ಬೆಳಗ್ಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಮಗ ಆಫೀಸಿನಲ್ಲಿದ್ದಾನೆ ಎಂದು ಅಮ್ಮ ನೆರೆಕರೆಯಲ್ಲೆಲ್ಲ ಹೇಳಿಕೊಂಡಿದ್ದರು. ಆ ಆಫೀಸಿನಲ್ಲಿ ನನಗೊಂದು ಕುರ್ಚಿ ಇಲ್ಲವೆಂದು ನಾನು ಹೇಳಲು ಹೋಗಲಿಲ್ಲ.

ಎದೆಮಟ್ಟದ ಓರೆ ಮೇಜು. ಅದರ ಮೇಲೆ ಸಣ್ಣ ಸಣ್ಣ ಗೂಡುಗಳಿರುವ ಮರದ ಕೇಸು. ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆಗಳು. ಅವನ್ನು ಹೆಕ್ಕಿ ಸಾಲು ಜೋಡಿಸಬೇಕು. ನಾನು ಕುಳ್ಳ, ಮೇಲಿನ ಗೂಡುಗಳು ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಕಾಲಡಿಗೆ ಮಣೆಯಂಥ ಒಂದು ದಪ್ಪ ಹಲಗೆ ಹಾಕಿಕೊಂಡಿದ್ದೆ. ನೆಲ ಹಳೆಯ ಕಲ್ಲುಚಪ್ಪಡಿಯದು, ಏರುತಗ್ಗು. ನಾನು ಎಡಕ್ಕೆ ವಾಲಿದರೆ ಟಕ್, ಬಲಕ್ಕೆ ವಾಲಿದರೆ ಟಕ್. ಪಕ್ಕದ ಕೇಸಿನಲ್ಲಿ ನಿಲ್ಲುತ್ತಿದ್ದ ಹೆಜಮಾಡಿಯ ಶೀನ, "ನೀನು ಮೊಳೆ ಜೋಡಿಸುವುದಾ, ಕುದುರೆ ಸವಾರಿ ಮಾಡುವುದಾ?" ಎಂದು ನಗಾಡುತ್ತಿದ್ದ.

ನಮ್ಮ ಫೋರ್‌ಮನ್ ಕಾಪುವಿನ ಲಾರೆನ್ಸ್ ಪೊರ್ಬುಗಳು. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ. ಮಾತು ಕಡಿಮೆ, ಕಣ್ಣು ಚುರುಕು. ಅನಗತ್ಯ ಶಬ್ದವೆಂದರೆ ಅವರಿಗೆ ಆಗದು. ಕಿಟಕಿ ಬಡಿದುಕೊಂಡರೆ ಮೊದಲು ಏಳುವುದು ಅವರೇ.

ಆ ತಿಂಗಳು ಎಂಟನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕೆಲಸ ನಮ್ಮಲ್ಲಿಗೆ ಬಂತು. ಅದು ಗುಟ್ಟಿನ ಕೆಲಸ. ಆರಿಸಿದ ಕೆಲವರು ಐದು ದಿನ ನಮ್ಮ ಕೇಸುಗಳಿದ್ದ ಹಿಂದಿನ ಹಾಲ್‌ನಲ್ಲೇ ಇರಬೇಕು. ಊಟ ಹೋಟೆಲಿನಿಂದ ಬರುತ್ತದೆ, ಮಲಗುವುದೂ ಅಲ್ಲೇ. ಒಳಗೆ ಹೋಗುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು: ನನ್ನ ಸಂಬಂಧಿಕರು ಯಾರೂ ಈ ಪರೀಕ್ಷೆಗೆ ಕೂರುತ್ತಿಲ್ಲ ಎಂದು.

ಅದೇ ಬೆಳಿಗ್ಗೆ ನನಗೆ ತಂಗಿ ವನಜಳ ಪತ್ರ ಬಂದಿತ್ತು. ಹಿಂದಿನ ವರ್ಷ ಅವಳು ಗಣಿತದಲ್ಲಿ ಫೇಲಾಗಿದ್ದಳು. ಈಗ ಪುನಃ ಪರೀಕ್ಷೆಗೆ ಕಟ್ಟಿದ್ದಾಳಂತೆ. ಪಾಸಾದರೆ ಟೀಚರ್ ಟ್ರೈನಿಂಗಿಗೆ ಹೋಗಬಹುದು. ಈ ಸಲವೂ ಆಗದಿದ್ದರೆ ಬೀಡಿ ಕಟ್ಟಲು ಕೂರು ಎಂದು ಅಮ್ಮ ಖಂಡಿತವಾಗಿ ಹೇಳಿದ್ದಾರೆ. "ಅಣ್ಣಾ, ತೊಟ್ಟಿಗೆ ನೀರು ತುಂಬುವ ಲೆಕ್ಕ ಇನ್ನೂ ತಲೆಗೆ ಹೋಗುವುದಿಲ್ಲ. ಮುಂದಿನ ಆದಿತ್ಯವಾರ ಬಂದು ಹೇಳಿಕೊಡು" ಎಂದು ಬರೆದಿದ್ದಳು.

ಪತ್ರವನ್ನು ಅಂಗಿಯ ಜೇಬಿಗೆ ತುರುಕಿ ನಾನು ಸಹಿ ಹಾಕಿದೆ. ಓದದೆ ಹಾಕಿದ್ದಲ್ಲ, ಓದಿಯೇ ಹಾಕಿದ್ದು. ಗುಟ್ಟಿನ ಕೆಲಸಕ್ಕೆ ನನ್ನನ್ನು ಆರಿಸಿದ್ದು ಅದೇ ಮೊದಲು. ನಿಜ ಹೇಳಿದರೆ ಹೊರಗೆ ನಿಲ್ಲಿಸುತ್ತಾರೆ. ಆ ಜಂಬ ನನಗೆ ದೊಡ್ಡದಾಯಿತು.

ಎರಡನೆಯ ದಿನ ಗಣಿತದ ಪತ್ರಿಕೆಯ ಒಂದು ತುಂಡು ನನ್ನ ಕೈಗೆ ಬಂತು. ಕಂಪೋಸಿಟರ್ ಆದವನ ಕಣ್ಣು ಓದುತ್ತದೆ, ಕೈ ಹೆಕ್ಕುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಎಷ್ಟೋ ಮದುವೆ ಕಾಗದ ಜೋಡಿಸಿದ್ದೇನೆ, ಒಬ್ಬ ಮದುಮಗಳ ಹೆಸರೂ ನೆನಪಿಲ್ಲ. ಆದರೆ ಏಳನೆಯ ಪ್ರಶ್ನೆಗೆ ಬಂದಾಗ ನನ್ನ ಕೈ ನಿಂತಿತು. ಒಂದು ತೊಟ್ಟಿ, ಎರಡು ನಳ್ಳಿ, ಅಡಿಯಲ್ಲೊಂದು ತೂತು. ಹನ್ನೆರಡು ಅಂಕ. ವನಜಳ ಪತ್ರ ಎದೆಯ ಮೇಲೆ ಬಿಸಿಯಾದ ಹಾಗೆ ಅನಿಸಿತು. ಎಡಕ್ಕೂ ಬಲಕ್ಕೂ ವಾಲುತ್ತ ಆ ನಾಲ್ಕು ಸಾಲು ಜೋಡಿಸಲು ಎಷ್ಟು ಹೊತ್ತು ತೆಗೆದುಕೊಂಡೆನೋ! ಹಲಗೆಯ ಸದ್ದಿಗೆ ಪೊರ್ಬುಗಳು ಎರಡು ಸಲ ಗದರಿದ್ದು ನೆನಪು. ಮೂರನೆಯ ಸಲ ಎದ್ದು ನನ್ನ ಹತ್ತಿರ ಬಂದು ಹೋದರು. ನಾನು ತಲೆ ಎತ್ತಲಿಲ್ಲ. ತೊಟ್ಟಿಯ ಲೆಕ್ಕವೇ ನನ್ನ ತಲೆಯಲ್ಲಿ ತುಂಬಿಕೊಂಡಿತ್ತು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಪೊರ್ಬುಗಳು ತಿದ್ದಲು ತೆಗೆದ ಗಣಿತದ ಪ್ರೂಫ್ ಹಾಳೆಗಳನ್ನು ಎಣಿಸಿದರು. ತೆಗೆದದ್ದು ಆರು, ಇದ್ದದ್ದು ಐದು. ಮತ್ತೆ ಎಣಿಸಿದರು. ಐದೇ.

"ಯಾರೂ ಊಟಕ್ಕೆ ಕೂರುವುದು ಬೇಡ," ಎಂದರು. "ನಾಲ್ಕು ಗಂಟೆಗೆ ಇಲಾಖೆಯ ಅಧಿಕಾರಿ ಬರ್ತಾರೆ. ಅಷ್ಟರೊಳಗೆ ಆ ಹಾಳೆ ಸಿಗಬೇಕು. ಸಿಗದಿದ್ದರೆ ಪೊಲೀಸರು ಬರುವುದೇ."

ಹಾಲ್ ಇಡೀ ಜಾಲಾಡಿದೆವು. ಕಸದ ಡಬ್ಬಿ, ಮೇಜಿನ ಅಡಿ, ಹಾಸಿಗೆ, ಊಟದ ಬುಟ್ಟಿ, ಯಾವುದನ್ನೂ ಬಿಡಲಿಲ್ಲ. ಹಾಳೆ ಇಲ್ಲ. ಕೊನೆಗೆ ಪೊರ್ಬುಗಳು ತಮ್ಮ ಜೇಬನ್ನೇ ಮೊದಲು ಹೊರಗೆಳೆದು ತೋರಿಸಿ, "ಇನ್ನು ನಿಮ್ಮದು" ಎಂದರು.

ನನ್ನ ಜೇಬಿನಿಂದ ಪತ್ರ ಹೊರಬಂತು. ಅವರು ಕಿಟಕಿಯ ಹತ್ತಿರ ಹೋಗಿ ಓದಿದರು. ಒಂದು ಸಲ ಅಲ್ಲ, ಎರಡು ಸಲ.

"ಇದು ಎಂತ ವಾಸು?"

"ತಂಗಿಯ ಪತ್ರ ಪೊರ್ಬುಗಳೇ."

"ಅದು ಗೊತ್ತಾಯಿತು. ಇದನ್ನು ಜೇಬಿನಲ್ಲಿ ಇಟ್ಟುಕೊಂಡು ನೀನು ಸಹಿ ಹಾಕಿದ್ದಾ?"

"ಹಾಳೆ ನಾನು ತೆಗೆಯಲಿಲ್ಲ," ಎಂದೆ. ನನ್ನ ಸ್ವರ ನನಗೇ ಕಳ್ಳನ ಸ್ವರದಂತೆ ಕೇಳಿಸಿತು.

"ಅವನು ಅಂಥವನಲ್ಲ ಪೊರ್ಬುಗಳೇ," ಎಂದ ಶೀನ. ಆದರೆ ಹಾಗೆನ್ನುತ್ತಲೇ ಎರಡು ಹೆಜ್ಜೆ ಆಚೆ ಸರಿದ. ಆ ಎರಡು ಹೆಜ್ಜೆಗೆ ನನಗೆ ಅವನ ಮೇಲೆ ಬಹಳ ಕಾಲ ಸಿಟ್ಟಿತ್ತು.

"ನಿನ್ನ ಕೇಸಿನ ಮುಂದೆ ಹೋಗಿ ನಿಲ್ಲು. ಅಲ್ಲಿಂದ ಕದಲಬೇಡ," ಎಂದರು ಪೊರ್ಬುಗಳು.

ನಿಂತೆ. ಗಡಿಯಾರ ಎರಡು ಹೊಡೆಯಿತು, ಎರಡೂವರೆ ಆಯಿತು. ಉಳಿದವರು ಹುಡುಕಿದ ಜಾಗವನ್ನೇ ಮತ್ತೆ ಹುಡುಕುತ್ತಿದ್ದರು. ಕೆಲಸ ಹೋಗುತ್ತದೆ, ಜೈಲಿಗೂ ಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ಅಣ್ಣ ಪ್ರಶ್ನೆಪತ್ರಿಕೆ ಕದ್ದವನೆಂದು ವನಜಳನ್ನು ಪರೀಕ್ಷೆಗೇ ಕೂರಿಸಲಿಕ್ಕಿಲ್ಲ. ಈ ಯೋಚನೆ ಬಂದಾಗ ನೆಟ್ಟಗೆ ನಿಲ್ಲಲಾಗಲಿಲ್ಲ. ಭಾರವನ್ನು ಎಡಗಾಲಿಗೆ ಹಾಕಿದೆ, ಬಲಗಾಲಿಗೆ ಹಾಕಿದೆ, ಮತ್ತೆ ಎಡಗಾಲಿಗೆ.

ಟಕ್ ಎನ್ನಲಿಲ್ಲ.

ಮತ್ತೊಮ್ಮೆ ವಾಲಿ ನೋಡಿದೆ. ಹಲಗೆ ಅಲುಗಾಡಲೇ ಇಲ್ಲ. ಎರಡು ವರ್ಷ ಟಕಟಕ ಎಂದ ಹಲಗೆ ನಿನ್ನೆಯಿಂದ ಸುಮ್ಮನಾಗಿತ್ತು. ಶಬ್ದ ಇದ್ದರೆ ಕಿವಿಗೆ ಬೀಳುತ್ತದೆ, ನಿಂತುಹೋದದ್ದು ಯಾರಿಗೆ ಗೊತ್ತಾಗುತ್ತದೆ? ಅಡಿಗೆ ಏನೋ ಸಿಕ್ಕಿಸಿದ್ದಾರೆ. ಅದು ಏನೆಂದು ನನಗೆ ನೋಡದೆಯೇ ತಿಳಿಯಿತು. ಹಾಲ್ ಇಡೀ ಹುಡುಕಿದ್ದೆವು, ನಾನು ನಿಲ್ಲುವ ಹಲಗೆಯನ್ನು ಎತ್ತಿ ನೋಡಲು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಾಳೆ ಇರುವುದು ನನ್ನ ಕಾಲಡಿಯಲ್ಲಿ, ಪತ್ರ ಸಿಕ್ಕಿದ್ದು ನನ್ನ ಜೇಬಿನಲ್ಲಿ. ನಾನಿಟ್ಟದ್ದಲ್ಲ ಎಂದರೆ ಯಾರು ನಂಬುತ್ತಾರೆ? ಸುಮ್ಮನಿದ್ದರೆ ಅದು ಅಲ್ಲೇ ಇರುತ್ತದೆ, ಆಮೇಲೆ ಯಾವಾಗಲಾದರೂ ತೆಗೆದು ಒಲೆಗೆ ಹಾಕಬಹುದು. ಆದರೆ ಹಾಳೆ ಸಿಗದಿದ್ದರೂ ಕಳ್ಳ ನಾನೇ. ಅರ್ಧ ಗಂಟೆ ಹೀಗೆ ಎರಡೂ ಕಡೆಗೆ ತೂಗಿದೆ. ಮೂರು ಹೊಡೆದಾಗ ಇನ್ನು ತಡೆಯಲಾಗಲಿಲ್ಲ.

"ಪೊರ್ಬುಗಳೇ, ನನ್ನ ಹಲಗೆ ಎತ್ತಿ ನೋಡಿ," ಎಂದೆ.

ಅವರು ಬಂದರು. ನಾನು ಇಳಿದೆ. ಹಲಗೆ ಎತ್ತಿದರು. ಎಂಟು ಮಡಿಕೆಯಾಗಿ ಚಪ್ಪಟೆಯಾದ ಒಂದು ಕಾಗದ ಕಲ್ಲಿಗೆ ಅಂಟಿಕೊಂಡಿತ್ತು. ಬಿಡಿಸಿದರು. ಗಣಿತದ ಮೊದಲ ಪುಟದ ಪ್ರೂಫ್. ಮೂರನೆಯ ಪ್ರಶ್ನೆಯವರೆಗೆ ಅವರದೇ ಕೆಂಪು ಪೆನ್ಸಿಲಿನ ತಿದ್ದುಪಡಿ, ಅಲ್ಲಿಗೆ ನಿಂತಿತ್ತು.

ಪೊರ್ಬುಗಳು ಆ ಕೆಂಪು ಗುರುತನ್ನೇ ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ, "ನಾನೇ ಮಾರಾಯ," ಎಂದರು. "ನಿನ್ನೆ ಇದನ್ನು ತಿದ್ದುತ್ತಿದ್ದೆ. ನಿನ್ನ ಟಕಟಕ ಕೇಳಿ ತಲೆ ಕೆಟ್ಟು, ನೀನು ಆಚೆ ವಾಲಿದಾಗ ಕೈಯಲ್ಲಿದ್ದದ್ದನ್ನೇ ಮಡಚಿ ಅಡಿಗೆ ತುರುಕಿದೆ. ರದ್ದಿ ಕಾಗದ ಅಂತ ಗ್ರಹಿಸಿದ್ದು."

ನನಗೆ ಅಳುವೇ ಬಂತು. ಅವರು ನನ್ನ ಹೆಗಲು ಮುಟ್ಟಲೂ ಇಲ್ಲ, ಕ್ಷಮಿಸು ಎನ್ನಲೂ ಇಲ್ಲ. ಪತ್ರವನ್ನು ನನ್ನ ಕೈಗೆ ಹಿಂದಿರುಗಿಸಿದರು. "ನನ್ನ ತಪ್ಪು ನಾನು ಹೇಳ್ತೇನೆ. ನಿನ್ನದು ನಿನಗೆ ಬಿಟ್ಟದ್ದು," ಎಂದರು.

ನಾಲ್ಕಕ್ಕೆ ಅಧಿಕಾರಿ ಬಂದರು. ಹಾಳೆಗಳು ಆರೂ ಇದ್ದವು. ಪೊರ್ಬುಗಳು ಬಾಯಿ ಬಿಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಮಡಿಕೆ ಬಿದ್ದ ಹಾಳೆಯನ್ನು ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಇಪ್ಪತ್ತು ವರ್ಷದ ಅನುಭವದ ಮನುಷ್ಯ ಕೈಕಟ್ಟಿ ಬೈಗುಳ ಕೇಳಿದರು. ನನ್ನ ಹೆಸರು ಎತ್ತಲಿಲ್ಲ. ಅದನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ನನ್ನಿಂದಾಗಲಿಲ್ಲ.

"ಸಾರ್, ನನ್ನ ತಂಗಿ ಈ ಪರೀಕ್ಷೆ ಬರೀತಾಳೆ," ಎಂದೆ.

ಅಧಿಕಾರಿ ಕೆಂಡವಾದರು. ಪೊಲೀಸರಿಗೆ ಕೊಡುತ್ತೇನೆ ಎಂದರು. ಪೊರ್ಬುಗಳು ಅಡ್ಡ ಬಂದರು: "ಪರೀಕ್ಷೆ ಮುಗಿಯುವವರೆಗೆ ಇವನು ನನ್ನ ಮನೆಯಲ್ಲಿ ಇರ್ತಾನೆ ಸಾರ್. ಊರಿಗೆ ಹೋಗುವುದಿಲ್ಲ, ಪತ್ರ ಬರೆಯುವುದಿಲ್ಲ. ಜವಾಬ್ದಾರಿ ನನ್ನದು." ಬಹಳ ಹೊತ್ತಿನ ಮೇಲೆ ಅಧಿಕಾರಿ ಒಪ್ಪಿದರು.

ಹೀಗೆ ಹಾಲಿನ ಐದು ದಿನ ಮುಗಿದ ಮೇಲೆ ಹನ್ನೆರಡು ದಿನ ಕಾಪುವಿನಲ್ಲಿ ಇದ್ದೆ. ಪೊರ್ಬುಗಳ ಮನೆಯವರು ನನಗೆ ದಿನಾ ಗಂಜಿ, ಮೀನು ಬಡಿಸಿದರು, ಯಾಕೆ ಬಂದೆ ಎಂದು ಕೇಳಲಿಲ್ಲ. ಆದಿತ್ಯವಾರ ಅವರೆಲ್ಲ ಇಗರ್ಜಿಗೆ ಹೋದರು, ಪೊರ್ಬುಗಳು ಮಾತ್ರ ನನ್ನೊಂದಿಗೆ ಜಗಲಿಯಲ್ಲಿ ಉಳಿದರು. ಕಾರ್ಕಳದಲ್ಲಿ ವನಜ ಸ್ಲೇಟು ಹಿಡಿದು ಬಸ್ಸಿನ ದಾರಿ ಕಾಯುತ್ತಿರುತ್ತಾಳೆ ಎಂದು ನನಗೆ ಗೊತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಮನೆಗೆ ಹೋದೆ. ಅವಳು ಮುಖ ಕೊಟ್ಟು ಮಾತಾಡಲಿಲ್ಲ. "ತೊಟ್ಟಿಯ ಲೆಕ್ಕ ಬಂದಿತ್ತು," ಎಂದಷ್ಟೇ ಹೇಳಿದಳು. ಗಣಿತದಲ್ಲಿ ಎಂಟು ಅಂಕ ಕಡಿಮೆಯಾಗಿ ಫೇಲಾದಳು. ಆ ವರ್ಷವಿಡೀ ಬೀಡಿ ಕಟ್ಟಿದಳು. ಬೀಡಿ ಎಲೆಯ ಗೆರಸೆಯ ಮುಂದೆ ಬಗ್ಗಿದ ಅವಳ ಬೆನ್ನು ನೋಡಿದಾಗಲೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ಅಮ್ಮನ ಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿದೆ. ಮರುವರ್ಷ ಗುಟ್ಟಿನ ಕೆಲಸಕ್ಕೆ ಕರೆದಾಗ, ತಂಗಿ ಪರೀಕ್ಷೆಗಿದ್ದಾಳೆ ಎಂದು ಹೇಳಿ ಹೊರಗುಳಿದೆ. ಪ್ರತಿ ಆದಿತ್ಯವಾರ ಊರಿಗೆ ಹೋಗಿ ಅವಳಿಗೆ ಲೆಕ್ಕ ಹೇಳಿಕೊಟ್ಟೆ. ಪಾಸಾದಳು, ಟೀಚರೂ ಆದಳು.

ನಡೆದದ್ದನ್ನು ಅವಳಿಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಅವಳ ಮನೆಯಲ್ಲಿ ಊಟ ಮಾಡಿ ಕುಳಿತಿದ್ದಾಗ. ಅವಳು ಪೂರ್ತಿ ಕೇಳಿದಳು. ಆಮೇಲೆ, "ಆ ಆದಿತ್ಯವಾರ ನೀನು ಬಂದಿದ್ದರೆ ಆ ಲೆಕ್ಕ ಹೇಳಿಕೊಡ್ತಿದ್ದೆಯಾ ಅಣ್ಣಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ.

"ನನಗೆ ಗೊತ್ತುಂಟು. ನೀನು ಹೇಳಿಕೊಡ್ತಿದ್ದೆ," ಎಂದಳು. "ಪೊರ್ಬುಗಳಿಗೂ ಗೊತ್ತಿತ್ತು. ಅದಕ್ಕೇ ನಿನ್ನನ್ನು ಕಾಪುವಿಗೆ ಕರೆದುಕೊಂಡು ಹೋದದ್ದು."

ಅವರು ತಮ್ಮ ತಪ್ಪಿಗೆ ಪರಿಹಾರವಾಗಿ ನನ್ನನ್ನು ಪೊಲೀಸರಿಂದ ಕಾಪಾಡಿದರು ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ.