ಇಳಿಜಾರಿನಲ್ಲಿ ನಿಂತ ಬೈಕು

ರಕ್ಷಾ ಹೊಸನಗರದ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಬಸ್ಸಿಲ್ಲದ ಹಳ್ಳಿಗಳಿಗೂ ಒಬ್ಬಳೇ ಹೋಗಬೇಕಾದವಳು. ಹಳೇ ಕಾಲದ ಚಂದವಿರುವ, ದುಂಡು ದೀಪದ ಒಂದು ಹೊಸ ಬೈಕಿನ ಮೇಲೆ ಅವಳಿಗೆ ಬಹಳ ದಿನದಿಂದ ಕಣ್ಣಿತ್ತು. ಸಾಗರದ ಶೋರೂಮಿಗೆ ಹೋದಾಗ ಅಲ್ಲಿನ ಸೇಲ್ಸ್‌ಮನ್ ಪ್ರದೀಪ ಅವಳ ಕಡಿಮೆ ಎತ್ತರ ನೋಡಿ, "ಗಾಡಿ ಭಾರ ಇದೆ ಮೇಡಂ, ಸ್ಕೂಟರ್ ನೋಡ್ತೀರಾ?" ಎಂದ.

"ಮೊದ್ಲು ಇದನ್ನ ಓಡಿಸಿ ನೋಡ್ತೀನಿ."

ಪ್ರದೀಪ ಹಿಂದೆ ಕೂತ. ಊರು ದಾಟಿದ ಮೇಲೆ ಬೈಕು ಹದವಾಗಿ ಓಡಿತು. ಕಾಡಿನ ಇಳಿಜಾರಿನಲ್ಲಿ ತಿರುವು ದಾಟಿದರೆ, ನಡುರಸ್ತೆಯಲ್ಲಿ ತಾಯಿ ಕಾಡುಕೋಣವೊಂದು ಕರುವಿನೊಂದಿಗೆ ನಿಂತಿತ್ತು. ರಕ್ಷಾ ಬ್ರೇಕ್ ಹಿಡಿದು ಎಂಜಿನ್ ಆರಿಸಿದಳು.

"ಹಾರನ್ ಹೊಡೀರಿ," ಪ್ರದೀಪ ಪಿಸುಗುಟ್ಟಿದ.

"ಬೇಡ. ಕರು ಇದೆ."

ಅವಳ ಎಡಗಾಲಿನ ಬೆರಳುಗಳಷ್ಟೇ ನೆಲಕ್ಕೆ ತಾಗುತ್ತಿದ್ದವು. ಬೈಕು ಮೆಲ್ಲಗೆ ವಾಲತೊಡಗಿತು. ಬಿದ್ದರೆ ಆ ಸದ್ದಿಗೆ ತಾಯಿ ಮೇಲೆರಗಬಹುದು.

"ನಿಮ್ಮ ಕಾಲು ಊರಿ, ನಿಧಾನ," ಎಂದಳು ಉಸಿರಲ್ಲೇ. ಪ್ರದೀಪನ ಉದ್ದ ಕಾಲು ನೆಲ ಮುಟ್ಟಿದ ಮೇಲೆ ವಾಲುವುದು ನಿಂತಿತು.

ಕಾಡುಕೋಣ ಮೂಗರಳಿಸಿ ಅವರನ್ನೇ ನೋಡಿತು. ಕರು ಪೊದೆಯೊಳಗೆ ನುಗ್ಗಿತು. ಬಹಳ ಹೊತ್ತಿನ ಮೇಲೆ ತಾಯಿಯೂ ಅದರ ಹಿಂದೆ ಹೋಯಿತು. ಇಬ್ಬರೂ ಸಾಗರಕ್ಕೆ ಮರಳಿದರು.

ಶೋರೂಮಿನಲ್ಲಿ ನೀರು ಕುಡಿದ ರಕ್ಷಾ, "ಗಾಡಿ ಇಷ್ಟ ಆಯ್ತು. ಆದ್ರೆ ನಾನು ಹೋಗೋ ದಾರೀಲಿ ಹಿಂದೆ ಯಾರೂ ಇರಲ್ಲ. ಸೀಟು ಇಳಿಸಿಕೊಟ್ರೆ ತಗೊಳ್ತೀನಿ," ಎಂದಳು.

"ಇಳಿಸೋಣ ಮೇಡಂ," ಎಂದ ಪ್ರದೀಪ. "ನಿಮ್ಮ ಎರಡೂ ಪಾದ ಪೂರ್ತಿ ಊರೋವರೆಗೂ ನಾನೇ ಇದನ್ನ ನಿಮಗೆ ಮಾರಲ್ಲ."