ಗದಿಗೆಪ್ಪನವರ ಬೆಂಚು, ನನ್ನ ದೂರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ವಾರದಲ್ಲೇ ನನ್ನ ಗಂಡ ಸುಧೀರ ಇದನ್ನು ಕಂಡುಕೊಂಡರು. ಕೆನಡಾದಲ್ಲಿ, ಮಿಸಿಸಾಗಾದ ನಮ್ಮ ಶೂಟಿಂಗ್ ಕ್ಲಬ್ಬಿನವರಿಗೆ ಮಾತ್ರ ಇದು ತಿಳಿಯಲು ಏಳು ವರ್ಷ ಬೇಕಾಯಿತು. ತಿಳಿದದ್ದು ಕಳೆದ ವರ್ಷದ ಜನವರಿಯಲ್ಲಿ, ನಾನು ಗದಿಗೆಪ್ಪನವರ ಮೇಲೆ ದೂರು ಬರೆದುಕೊಟ್ಟಾಗ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೇನೆ. ಆ ದೂರಿನ ವಿಷಯ ಮುಚ್ಚಿಟ್ಟು ಬರೆದರೆ ಅದು ಬರೀ ಹೊಗಳಿಕೆಯಾದೀತು.

ಗದಿಗೆಪ್ಪನವರು ಬೈಲಹೊಂಗಲದ ಕಡೆಯವರು. ಸೈನ್ಯದ ವರ್ಕ್‌ಶಾಪಿನಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿದವರು. ಈಗ ಇಲ್ಲಿನ ಮೆಡೋವೇಲಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಿಷನ್ನುಗಳನ್ನು ನೋಡಿಕೊಳ್ಳುತ್ತಾರೆ. ಶನಿವಾರ ಬಂತೆಂದರೆ ಕ್ಲಬ್ಬಿನ ಮೂಲೆಯ ರಿಪೇರಿ ಬೆಂಚಿಗೆ ಹಾಜರು. ಸದಸ್ಯರ ಹಳೆಯ ಪಿಸ್ತೂಲುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಪುಸ್ತಕದಲ್ಲಿ ಸಹಿ ಹಾಕುವುದು ಅಲ್ಲಿ ಅವರ ಕೆಲಸ. ಸಂಬಳವಿಲ್ಲ, ಬೆಂಚಿನ ಬೀಗದ ಕೈ ಮತ್ತು ಚಹಾ ಉಂಟು. "ಐದ ದಿನಾ ಹೊಟ್ಟಿಗಿ, ಶನಿವಾರ ನನಗ," ಎನ್ನುತ್ತಾರೆ.

ಅವರು ಕೆಲಸ ಮಾಡುವ ರೀತಿ ನೋಡಿದರೆ ನನ್ನಂಥವಳಿಗೆ ಮೈಯೆಲ್ಲ ಉರಿಯುತ್ತದೆ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆ ಎಂದು ಯಾರಾದರೂ ಬಂದರೆ ಮೊದಲು ಪಿಸ್ತೂಲನ್ನು ಮುಟ್ಟುವುದೇ ಇಲ್ಲ. ಯಾವಾಗಿನಿಂದ, ಎಲ್ಲಿ, ಎಷ್ಟನೆಯ ಗುಂಡಿಗೆ ಎಂದು ಸೊಸೆ ನೋಡಲು ಬಂದವರ ಹಾಗೆ ಕೇಳುತ್ತಾರೆ. ಆಮೇಲೆ ಗುಂಡು ತುಂಬುವ ಮ್ಯಾಗಜೀನನ್ನು ನೋಡುತ್ತಾರೆ, ಆಮೇಲೆ ಗುಂಡುಗಳನ್ನು, ಆಮೇಲೆ ಕೊಳೆಯನ್ನು, ಆಮೇಲೆ ಸ್ಪ್ರಿಂಗನ್ನು. ಕಬ್ಬಿಣ ಉಜ್ಜುವ ಅರ ಹಿಡಿಯುವುದು ಕಟ್ಟಕಡೆಗೆ, ಹಿಡಿದರೆ. ಸೈನ್ಯಕ್ಕೆ ಸೇರಿದ ಹೊಸತರಲ್ಲಿ ಅವಸರಪಟ್ಟು ಒಂದು ಭಾಗವನ್ನು ಉಜ್ಜಿ ಕೆಡಿಸಿದ್ದರಂತೆ. ಹವಾಲ್ದಾರ ಆ ತುಂಡನ್ನು ದಾರಕ್ಕೆ ಕಟ್ಟಿ ಒಂದು ತಿಂಗಳು ಇವರ ಕೊರಳಿಗೆ ಹಾಕಿಸಿದ್ದ. "ಕಬ್ಬಿಣಾ ತಗಿಯೂದು ಭಾಳ ಸಸಾರ ಅಕ್ಕಾರ, ತಿರುಗಿ ಹಚ್ಚೂದು ದೇವರ ಕೈಯಾಗೂ ಇಲ್ಲ," ಎಂದು ನನಗೇ ಹತ್ತು ಸಲ ಹೇಳಿದ್ದಾರೆ.

ನನ್ನ ಪಿಸ್ತೂಲು ಸೋವಿಯತ್ ಸೈನ್ಯದ್ದು, ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಮಾಡಿದ್ದು. ಅವರ ಉಗ್ರಾಣದಲ್ಲಿ ಉಳಿದದ್ದು ಸುತ್ತಿ ಬಳಸಿ ಕೆನಡಾದ ಅಂಗಡಿಗೆ ಬಂದಿತ್ತು. ಮಂಗಳೂರಿನ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹಿಡಿದ ನೆನಪಿನಿಂದ, ನಲವತ್ತೈದು ದಾಟಿದ ಮೇಲೆ ನಾನು ಈ ಆಟಕ್ಕೆ ಬಂದೆ. ವಾರವೆಲ್ಲ ಎರಿನ್ ಮಿಲ್ಸ್‌ನ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನು ಎತ್ತಿ ಊರವರ ಹಲ್ಲುನೋವು ಕೇಳುತ್ತೇನೆ. ಶನಿವಾರ ಒಂದು ಗಂಟೆ ಯಾರ ಮಾತೂ ಇಲ್ಲದೆ, ಎದುರಿನ ಕಪ್ಪು ಚುಕ್ಕಿಯನ್ನು ಮಾತ್ರ ನೋಡುತ್ತ ನಿಲ್ಲುವುದು ನನಗೆ ಊಟದಷ್ಟೇ ಬೇಕು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಇಲ್ಲಿನ ಸರಕಾರ ಕೈಬಂದೂಕುಗಳ ಮಾರಾಟ ನಿಲ್ಲಿಸಿತು. ಇದ್ದವರು ಇಟ್ಟುಕೊಳ್ಳಬಹುದು, ನಮ್ಮಂಥವರಿಗೆ ಹೊಸದು ಸಿಗುವುದಿಲ್ಲ. ನನಗಿರುವುದು ಇದೊಂದೇ, ಇದು ಹೋದರೆ ಆಟವೂ ಹೋಯಿತು.

ಸೆಪ್ಟೆಂಬರಿನಲ್ಲಿ ಗದಿಗೆಪ್ಪನವರು ಇದನ್ನು ಪೂರ್ತಿ ಬಿಚ್ಚಿ, ಒರೆಸಿ, ಜೋಡಿಸಿ ಸಹಿ ಹಾಕಿಕೊಟ್ಟಿದ್ದರು. ಜನವರಿಯಲ್ಲಿ ತಕರಾರು ಶುರುವಾಯಿತು. ಗುಂಡು ಮ್ಯಾಗಜೀನಿನಿಂದ ಸೋಮಾರಿಯ ಹಾಗೆ ಮೇಲೇಳುತ್ತಿತ್ತು. ಅರ್ಧ ಒಳಗೆ ಹೋಗುವಷ್ಟರಲ್ಲಿ ಹಿಂದೆ ಮುಂದೆ ಜಾರುವ ಮೇಲಿನ ಸ್ಲೈಡು ಪೂರ್ತಿ ಮುಚ್ಚದೆ ನಿಲ್ಲುತ್ತಿತ್ತು. ಒಂದೇ ದಿನ ಮೂರು ಸಲ ಹೀಗಾದಾಗ ಕ್ಲಬ್ಬಿನವರು ಆ ಪಿಸ್ತೂಲಿನಿಂದ ಹೊಡೆಯಬೇಡಿ ಎಂದರು. ಮನೆಗೆ ತಂದು, ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಫರ್ನೇಸಿನ ಪಕ್ಕದ ಬೆಚ್ಚಗಿನ ಮೇಜಿನ ಮೇಲೆ ನಕಲಿ ಗುಂಡು ಹಾಕಿ ಐವತ್ತು ಸಲ ಎಳೆದು ಬಿಟ್ಟೆ. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಯೂಟ್ಯೂಬಿನವನೊಬ್ಬ ಹೇಳಿದನೆಂದು ಒಳಗೆಲ್ಲ ಉಜ್ಜಲು ಒಂದು ಅರವನ್ನೂ ತಂದೆ. ಸುಧೀರ ಅದನ್ನು ಎಲ್ಲೋ ಅಡಗಿಸಿದರು, ಪುಣ್ಯ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅದೇ ಸಿಟ್ಟಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬ್ರಯನ್‌ಗೆ ಬರೆದೆ: ಗದಿಗೆಪ್ಪನವರು ಕೈ ಹಾಕಿದ ಮೇಲೆಯೇ ಹೀಗಾಗಿದೆ, ನೋಡದೆ ಸಹಿ ಹಾಕಿದ್ದಾರೆ. ಬ್ರಯನ್ ಕಟ್ಟುನಿಟ್ಟಿನ ಮನುಷ್ಯ. ತಪ್ಪು ಅವರದೆಂದು ಕಂಡುಬಂದರೆ ಬೆಂಚು ಬಿಡಬೇಕಾಗುತ್ತದೆ ಎಂದು ಇಬ್ಬರಿಗೂ ತಿಳಿಸಿ, ಮುಂದಿನ ಶನಿವಾರ ಕರೆದ.

ಆ ದಿನ ಹೊರಗೆ ಮೈನಸ್ ಹದಿನೆಂಟು. ಬ್ರಯನ್ ಮತ್ತು ಸಮಿತಿಯ ಇನ್ನಿಬ್ಬರು ಬೆಂಚಿನ ಸುತ್ತ ನಿಂತಿದ್ದರು. ನಾನು ಪೆಟ್ಟಿಗೆ ತೆರೆದಿಟ್ಟೆ.

"ಮನ್ಯಾಗ ನೆಟ್ಟಗ ನಡೀತೈತೇನ್ರಿ?" ಎಂದರು ಗದಿಗೆಪ್ಪನವರು.

"ಹೌದು ಮಾರಾಯ್ರೆ, ಮನೆಯಲ್ಲಿ ಎಂತದೂ ಇಲ್ಲ. ಇಲ್ಲಿ ಬಂದ ಮೇಲೆಯೇ ಇದರ ಉಪದ್ರ."

"ಇಲ್ಲಿಗಿ ಬರೂತನಾ ಎಲ್ಲಿ ಇಟ್ಟಿದ್ರಿ?"

"ಕಾರಿನ ಡಿಕ್ಕಿಯಲ್ಲಿ. ಮತ್ತೆ ಮಡಿಲಲ್ಲಿ ಇಟ್ಟುಕೊಂಡು ಬರುವುದಾ?"

ಅವರು ನಗಲಿಲ್ಲ. ಒಂದು ಕಡ್ಡಿಯಿಂದ ಸ್ಲೈಡು ಜಾರುವ ತೋಡನ್ನು ಕೆರೆದರು. ಬಿಳಿ ಮೇಣದಂಥದ್ದು ಬಂತು. ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡುತ್ತ ಕುಳಿತರು. ಎರಡು ಉಸಿರಿನೊಳಗೆ ಅದು ಕರಗಿ ನೀರಾಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದರು, ನನ್ನ ಮುಖ ನೋಡಿದರು, ಬೆರಳನ್ನು ಬಟ್ಟೆಗೆ ಒರೆಸಿ ಬ್ರಯನ್ ಕಡೆ ತಿರುಗಿದರು.

"ಹಳೆಯ ಎಣ್ಣೆ, ಚಳಿಗೆ ಗಟ್ಟಿಯಾಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಸೆಪ್ಟೆಂಬರಿನಲ್ಲಿ ನಾನೇ ತೆಗೆಯಬೇಕಿತ್ತು. ತಪ್ಪು ನನ್ನದು."

ಬ್ರಯನ್ ಕೈ ಚಾಚಿದ. ಗದಿಗೆಪ್ಪನವರು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಜಾಕೆಟು ಹಾಕಿಕೊಂಡು ಹೊರಗೆ ಹೋದರು.

ಗೆದ್ದೆನೆಂದು ನಾನು ಪಿಸ್ತೂಲು ಒರೆಸಲು ಆ ಬಟ್ಟೆಯನ್ನೇ ಎತ್ತಿಕೊಂಡೆ. ತೆಂಗಿನೆಣ್ಣೆಯ ವಾಸನೆ. ಅಕ್ಟೋಬರಿನಲ್ಲಿ, ಆಯುಧಪೂಜೆಯ ದಿನ, ಹೊಲಿಗೆ ಮಿಷನ್ನು, ಸುಧೀರರ ಡ್ರಿಲ್ಲು, ಈ ಪಿಸ್ತೂಲು ಎಲ್ಲದಕ್ಕೂ ಬಿಸಿ ಮಾಡಿದ ತೆಂಗಿನೆಣ್ಣೆ ಸವರಿ ದೇವರ ಮುಂದಿಟ್ಟವಳು ನಾನೇ. ಉಡುಪಿಯಲ್ಲಿ ನಮ್ಮಮ್ಮ ತಲೆಗೂ ಬಾಗಿಲಿನ ತಿರುಗಣಿಗೂ ಅದನ್ನೇ ಹಾಕುತ್ತಿದ್ದರು, ಅಲ್ಲಿ ಅದು ಗಟ್ಟಿಯಾಗುವಷ್ಟು ಚಳಿ ಎಲ್ಲಿ? ಇಲ್ಲಿ ಚಳಿಗಾಲವಿಡೀ ಬಚ್ಚಲಿನ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿಯೇ ತಲೆಗೆ ಹಚ್ಚುತ್ತೇನೆ, ಆದರೂ ಬುದ್ಧಿಗೆ ಹೊಳೆಯಲಿಲ್ಲ.

ಕೋಟು ಹಾಕಿಕೊಳ್ಳದೆ ಓಡಿದೆ. ಅವರು ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದರು.

"ನಿಮಗೆ ಗೊತ್ತಾಗಿತ್ತು. ಹೇಳಲಿಲ್ಲ ಯಾಕೆ?"

"ಅಡಿಗಿ ಎಣ್ಣಿ ಹಚ್ಚ್ಯಾರಂತ ಬರದ್ರ ನಿಮ್ಮ ಮೆಂಬರ್‌ಶಿಪ್ಪಿಗೇ ಕೈ ಹಚ್ತಿದ್ರು. ಕ್ಲಬ್ ಇಲ್ಲಂದ್ರ ಪಿಸ್ತೂಲ ಇಟ್ಕೊಳ್ಳಾಕ ಸರಕಾರ ಬಿಡ್ತೈತೇನ್ರಿ? ನಿಮಗ ಇನ್ನೊಂದ ಎಲ್ಲಿಂದ ಬರಬೇಕ್ರಿ?"

"ನಾನು ನಿಮ್ಮ ಮೇಲೆ ದೂರು ಕೊಟ್ಟವಳು, ಗದಿಗೆಪ್ಪನವರೇ!"

"ಕೊಟ್ಟೀರಿ ಬಿಡ್ರಿ. ನನಗೇನ, ಶನಿವಾರ ಮನ್ಯಾಗ ನಿದ್ದಿ ಮಾಡ್ತೀನಿ," ಎಂದರು. ಹಾಗೆನ್ನುವಾಗ ಅವರ ಕಣ್ಣು ಕ್ಲಬ್ಬಿನ ಕಿಟಕಿಯ ಮೇಲೆಯೇ ಇತ್ತು. ಕಾರಿನ ಗಾಜು ಆಗಲೇ ಸ್ವಚ್ಛವಾಗಿತ್ತು, ಆದರೂ ಕೆರೆಯುತ್ತಲೇ ಇದ್ದರು.

ನಾನು ಅವರಿಂದ ಕಿತ್ತುಕೊಳ್ಳಲು ಹೊರಟಿದ್ದನ್ನು ಅವರೇ ಬಿಟ್ಟುಕೊಟ್ಟು ನನ್ನದನ್ನು ಉಳಿಸಿದ್ದರು. ನನಗೆ ಅಳು ಬಂತು, ಆ ಚಳಿಗೆ ಕಣ್ಣೀರೂ ಉರಿಯಿತು. ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ.

ಬ್ರಯನ್ ಎದುರು ಎಲ್ಲ ಹೇಳಿದೆ. ಪೂಜೆ, ದೇವರು, ತಲೆಗೆ ಹಚ್ಚುವ ಎಣ್ಣೆ, ಒಂದೂ ಬಿಡಲಿಲ್ಲ. ಸಮಿತಿಯವರಲ್ಲೊಬ್ಬ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಬ್ರಯನ್ ನಗಲಿಲ್ಲ. ನನ್ನ ದೂರಿನ ಹಾಳೆಯನ್ನು ಹರಿದು, ಬೀಗದ ಕೈಯನ್ನು ಗದಿಗೆಪ್ಪನವರಿಗೆ ಕೊಟ್ಟು, "ಸುಳ್ಳು ಹೇಳಿದ್ದಕ್ಕೆ ನಿಮಗೂ ಏನಾದರೂ ಮಾಡಬೇಕಿತ್ತು," ಎಂದ. ನನ್ನನ್ನು ಕ್ಲಬ್ಬಿನಿಂದ ತೆಗೆಯಲಿಲ್ಲ. ಆರು ಶನಿವಾರ ಗುಂಡು ಹೊಡೆಯುವಂತಿಲ್ಲ, ಗದಿಗೆಪ್ಪನವರ ಪಕ್ಕದಲ್ಲಿ ಕೂತು ಪಿಸ್ತೂಲು ಒರೆಸಲು ಕಲಿಯಬೇಕು ಎಂದು ಬರೆದ.

ಮಾರ್ಚಿಗೆ ಆರು ಶನಿವಾರ ಮುಗಿದವು. ಈಗ ನನ್ನ ಪಿಸ್ತೂಲು ಎಂಥ ಚಳಿಯಲ್ಲೂ ತಡವರಿಸುವುದಿಲ್ಲ. ಏಳನೆಯ ಶನಿವಾರ ಗುರಿಯ ಕಡೆ ಹೋಗದೆ, ಒಂದು ಕುರ್ಚಿ ಎಳೆದುಕೊಂಡು ಮತ್ತೆ ಬೆಂಚಿನ ಪಕ್ಕ ಕುಳಿತೆ.

"ಶಿಕ್ಷಾ ಮುಗೀತಲ್ರಿ ಅಕ್ಕಾರ?" ಎಂದರು ಗದಿಗೆಪ್ಪನವರು.

"ಬ್ರಯನ್ ಕೊಟ್ಟದ್ದು ಮುಗಿಯಿತು ಮಾರಾಯ್ರೆ," ಎಂದೆ.

ಅವರು ಯಾರದೋ ಪಿಸ್ತೂಲಿನ ಮ್ಯಾಗಜೀನನ್ನು ನನ್ನ ಮುಂದಿಟ್ಟು, ತಾವು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.